ತೋಳದ ಊಟ ಹುಡಕ್ಕೊಂಡು ಕೊಲ್ಹಾರ, ಬೀಳಗಿ, ಯಡಹಳ್ಳಿ

ಶುಕ್ರವಾರ, ವಿಜಯಪುರ ಬಿಟ್ಟು ಕೊಲ್ಹಾರ

ಏಪ್ರಿಲ್ ಬಿಸಲಾಗ ಈ ಕಡೆ ತಿರಗಾಕ ಯಾರೂ ಬರಂಗಿಲ್ಲ. ಎಲ್ಲಾರೂ ಮಳಿಗಾಲದಾಗ ಆಲಮಟ್ಟಿ ಗೇಟ್ ತಗದಾಗ ಬರ್ತಾರ, ಗಾರ್ಡನ್ ನೋಡಿ ಫೋಟೋ ತಕ್ಕೊಂಡು ಹೋಗ್ತಾರ. ನಮಗ ಬೇಕಾಗಿದ್ದು ಹಿನ್ನೀರು ಇಳದ ಟೈಮ್. ಡ್ಯಾಮ್ 519.60 ಮೀಟರ್ ತುಂಬಿದಾಗ ಕೊಲ್ಹಾರ, ಬೀಳಗಿ, ಬಾಗಲಕೋಟಿ ಕಡೆ ಎತ್ತ ನೋಡಿದ್ರೂ ನೀರ, ಬ್ಯಾಸಿಗಿ ಬಂತಂದ್ರ ಅದು ಇಳಕೋತ ಹೋಗಿ ಮೊದಲು ಎತ್ತರದ ದಿಬ್ಬ ಅಷ್ಟ ಹೊರಗ ಬಿದ್ದು ನಡುಗಡ್ಡಿ ಆಗ್ತಾವ, ಇನ್ನೂ ಇಳದ್ರ ಅವ ನಡುಗಡ್ಡಿ ದಂಡಿಗೆ ಕೂಡ್ಕೋತಾವ. ಕೂಡ್ಕೊಂಡಾಗ ಯಾವ ಪ್ರಾಣಿ ದಾಟಿ ಹೋಗ್ತೈತಿ, ಹೋಗಿ ಏನ್ ತಿಂತೈತಿ, ಅದನ್ನ ಕಣ್ಣಾರೆ ನೋಡಬೇಕಂತ ಭಾಳ ದಿನದಿಂದ ಇತ್ತು.

ಜೋಡಿ ಬಂದಂವ ನನ್ನ ಗೆಳೆಯ, ಪಿಯು ಕಾಲೇಜಿನಾಗ ಬಯಾಲಜಿ ಕಲಸ್ತಾನ. ಮುಂಜಾನೆ ಆರಕ್ಕ ಬೈಕ್ ಹತ್ತಿ ಹೊಂಟ್ವಿ, ಬಿಸಲು ಏರೂದ್ರಾಗ ಕೊಲ್ಹಾರ ಮುಟ್ಟಿದ್ವಿ. ಇಲ್ಲಿಗೆ ಬಂದು ಗಡಿಗಿ ಮೊಸರು ತಿನ್ನದ ಹೋದ್ರ ಹೆಂಗ, ಸಣ್ಣ ಮಣ್ಣಿನ ಗಡಿಗ್ಯಾಗ ಹೆಪ್ಪಾಗಿದ್ದ ಆ ಮೊಸರು ಗಡಿಗಿ ಬೋರಲ ಹಾಕಿದ್ರೂ ಬೀಳಂಗಿಲ್ಲ, ಅಷ್ಟ ಗಟ್ಟಿ. ಅಂಗಡಿ ಮುಂದ ಕಟ್ಟಿ ಮ್ಯಾಲ ಕುಂತ್ಕೊಂಡು ರೊಟ್ಟಿ, ಶೇಂಗಾ ಹಿಂಡಿ ಜೋಡಿ ಮೊಸರು ತಿನ್ಕೋತ ಅಂವ ನನಗ ಅಲಾಸ್ಕಾದ ಕಥಿ ಹೇಳಾಕ ಶುರು ಮಾಡಿದ. ಈ ಕಥಿ ಗೊತ್ತಿದ್ರ ಮುಂದಿನ ದಿನಗಳ ಮಾತು ಸರಿಯಾಗಿ ಅರ್ಥ ಆಗ್ತೈತಿ, ಅದಕ್ಕ ಇಲ್ಲೇ ಪೂರಾ ಬರೀತೀನಿ.

ಅಲಾಸ್ಕಾದಾಗ ಗ್ಲೇಸಿಯರ್ ಬೇ ಸಮೀಪ ಪ್ಲೆಸೆಂಟ್ ಐಲ್ಯಾಂಡ್ ಅಂತ ಮಂದಿ ಇಲ್ಲದ ಸಣ್ಣ ದ್ವೀಪ ಐತಿ, ಬೋಟಿನಾಗ ಇಲ್ಲಾ ನೀರ ಮ್ಯಾಲ ಇಳಿಯೋ ವಿಮಾನದಾಗ ಅಷ್ಟ ಹೋಗಬೇಕು. 2013ರ ಸುಮಾರಿಗೆ ಅಲ್ಲಿಗೆ ತೋಳ ಈಜ್ಕೊಂಡು ಬಂದ್ವು. ದ್ವೀಪದಾಗ ಜಿಂಕಿ ಭಾಳ ಇದ್ವು, ಹಿಂಗಾಗಿ ಬಂದ ತೋಳಕ್ಕ ಹಬ್ಬದ ಊಟ. 2015ರಾಗ ಅವು ತಿಂತಿದ್ದದ್ರಾಗ ನೂರಕ್ಕ 75 ಪಾಲು ಜಿಂಕಿ, 25 ಪಾಲು ಕಡಲ ನೀರುನಾಯಿ. ಎರಡು ವರ್ಷ ಹೋಗೂದ್ರಾಗ ಲೆಕ್ಕ ಪೂರಾ ತಿರಗಿ ಬಿತ್ತು, 2017ಕ್ಕ ನೀರುನಾಯಿ 57 ಪಾಲು, ಜಿಂಕಿ ಬರೇ 7 ಪಾಲು. ಅಂದ್ರ ತೋಳ ಜಿಂಕಿನ್ನ ಹೆಚ್ಚುಕಮ್ಮಿ ಖಾಲಿ ಮಾಡಿ ಕಡಲಿನ ಪ್ರಾಣಿ ಮ್ಯಾಲ ಬದುಕಾಕ ಹತ್ತಿದ್ವು. ನೆಲದ ಮ್ಯಾಲಿನ ಬೇಟೆಗಾರ ಪ್ರಾಣಿಗೆ ಕಡಲ ನೀರುನಾಯಿ ಮುಖ್ಯ ಊಟ ಆಗಿದ್ದು ಇದ ಮೊದಲ ಸಲ ಕಂಡದ್ದು ಅಂತ. ಅಲಾಸ್ಕಾ ಸರ್ಕಾರದ ವನ್ಯಜೀವಿ ಇಲಾಖೆಯ ಗ್ರೆಚೆನ್ ರಾಫ್ಲರ್ ಮತ್ತ ಅವರ ಜೋಡಿಯವರು 2023ರಾಗ ಇದನ್ನ ಪ್ರಕಟ ಮಾಡಿದ್ರು.

"ಸತ್ತು ದಂಡಿಗೆ ಬಂದ ನೀರುನಾಯಿ ತಿಂತಿರಬೇಕಲ್ಲ?" ಅಂದೆ ನಾನು. "ಅವರಿಗೂ ಮೊದಲು ಹಂಗ ಅನಿಸಿತ್ತಪಾ, ತೋಳದ ಕೊಳ್ಳಿಗೆ ಜಿಪಿಎಸ್ ಕಾಲರ್ ಹಾಕಿ, ಅವು ಎಲ್ಲಿ ಹೆಚ್ಚೊತ್ತು ನಿಂತ್ವು ಅಲ್ಲಿಗೇ ಹೋಗಿ ನೋಡಿದಾಗ ಕೊಂದ ಗುರ್ತು ಸಿಕ್ವು" ಅಂದ. ನೀರು ಇಳದಾಗ ಬಂಡೆಗಲ್ಲಿನ ಮ್ಯಾಲ ಬಂದು ಮಲಗಿದ್ದ ನೀರುನಾಯಿಗೆ ಅಲ್ಲೇ ಹೊಂಚು ಹಾಕಿ ಹಿಡೀತಾವಂತ. ಕಡಲ ನೀರುನಾಯಿ ಸಣ್ಣದಲ್ಲ, ದೊಡ್ಡ ಗಂಡು 40 ಕಿಲೋ ದಾಟ್ತೈತಿ, ನಮ್ಮ ಕಡೆ ತೋಳಕ್ಕಿಂತ ಭಾರ.

ಇದಕ್ಕ ಜೋಡಿಯಾಗಿ ಇನ್ನೊಂದು ದ್ವೀಪದ ಕಥಿ ಹೇಳಿದ, ಅದು ನನ್ನ ಮನಸ್ನಾಗ ಇನ್ನೂ ಕೊರೀತೈತಿ. ಅಲಾಸ್ಕಾದ್ದ ಕೊರೊನೇಷನ್ ಐಲ್ಯಾಂಡ್. 1960ರಾಗ ಅಲ್ಲಿಯ ಅಧಿಕಾರಿಗಳ ಬೇಕಂತನ ನಾಲ್ಕು ತೋಳ ತಂದು ಬಿಟ್ರು, ಜಿಂಕಿ ಏನಾಗ್ತಾವ ನೋಡೂಣು ಅಂತ. ನಾಲ್ಕೈದು ವರ್ಷದಾಗ ತೋಳ 13ರ ತನಕ ಆದ್ವು, ಜಿಂಕಿ ಮುಗದ್ವು, ಅಲ್ಲಿಂದ ತೋಳಾನ ತೋಳ ತಿನ್ನಾಕ ಹತ್ತಿ 1968ಕ್ಕ ಒಂದ ಒಂದು ಉಳೀತು. ಪ್ಲೆಸೆಂಟ್ ಐಲ್ಯಾಂಡಿನ ತೋಳ ಉಳಿದಿದ್ದು ಯಾಕಂದ್ರ ಜಿಂಕಿ ಹೋದ ಮ್ಯಾಲೂ ಅವಕ್ಕ ಎರಡನೇ ತಾಟು ಇತ್ತು. ಆ ತಾಟಿನಾಗೂ ವಿಷ ಇತ್ತು ಅನ್ನೋದು ಆಮ್ಯಾಲ ಗೊತ್ತಾತು, 2020ರಾಗ ಅಲ್ಲಿ ಕಾಲರ್ ಇದ್ದ ಒಂದು ಹೆಣ್ಣು ತೋಳ ಬಡಕಲಾಗಿ ಸತ್ತಿತ್ತು, ಅದರ ಲಿವರಿನಾಗ ಪಾದರಸ ಹದ್ದು ಮೀರಿ ಸಿಕ್ತು. ಕಡಲಿನ ಪಾದರಸ ಚಿಪ್ಪಿನ ಪ್ರಾಣಿಯಿಂದ ನೀರುನಾಯಿಗೆ, ನೀರುನಾಯಿಯಿಂದ ತೋಳಕ್ಕ ಏರಿತ್ತು.

ಸಂಜಿಕ ಕೃಷ್ಣಾ ಸೇತುವಿ ಮ್ಯಾಲ ನಿಂತು ನೋಡಿದ್ವಿ. ನೀರು ಒಂದ ಕಡಿ ಸರದಿತ್ತು, ಕರೀ ಮಣ್ಣು ಬಾಯಿ ಬಿಟ್ಟಿತ್ತು, ಅದ್ರಾಗ ಮಂದಿ ಆಗಲೇ ಬೆಳಿ ಹಾಕಿದ್ರು. ರಾತ್ರಿ ಬೀಳಗಿ ತಾಲೂಕಿನಾಗ ನನ್ನ ಸ್ವಾದರ ಮಾವನ ಮನ್ಯಾಗ ಮಲಗಿದ್ವಿ.

ಶನಿವಾರ, ಕುರಿ ದಡ್ಡಿ

ಮಾವ ಮುಂಜಾನೇನ ಎಬ್ಬಿಸಿ "ಏಳ್ರಪಾ, ಬಿಸಲಾದ ಮ್ಯಾಲ ಕುರಿ ಸಿಗಂಗಿಲ್ಲ, ಅಜ್ಜ ಹೊಡಕೊಂಡು ಹೋಗಿಬಿಡ್ತಾನ" ಅಂದ. ಊರ ಹೊರಗ ಒಂದು ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ರು. ಬಲಿ ಕಟ್ಟಿದ ದಡ್ಡಿ, ಒಳಗ ಮರಿ ಬ್ಯಾರೆ, ದೊಡ್ಡವು ಬ್ಯಾರೆ, ಕಂಬಳಿ ಹೊತ್ತ ಅಜ್ಜ ಬೆಂಕಿ ಮುಂದ ಚಾ ಕಾಸ್ತಿದ್ದ. ಹೆಸರು ಇಲ್ಲಿ ಬರಿಯಂಗಿಲ್ಲ, ಆದ್ರ ಆ ಅಜ್ಜನಷ್ಟು ತೋಳ ನೋಡಿದ ಮಂದಿ ನನಗ ಇನ್ನೊಬ್ರು ಗೊತ್ತಿಲ್ಲ.

"ಅಜ್ಜಾರ, ತ್ವಾಳ ಈಗೂ ಬರ್ತಾವೇನ್ರಿ?" ಅಂತ ಕೇಳಿದೆ.

"ಬರದ ಏನ್ ಮಾಡ್ತಾವ ತಮ್ಮಾ, ಅವಕ್ಕೂ ಹೊಟ್ಟಿ ಐತಲ್ಲ. ಮೊನ್ನೆ ಅಮಾಸಿ ಆದ ಮ್ಯಾಲ ಒಂದು ಮರಿ ಒಯ್ತು. ಒಂದ ಒಯ್ತು, ಮತ್ತೊಂದ ಮುಟ್ಟಲಿಲ್ಲ. ಅದ ನಾಯಿ ಹಿಂಡು ಬಂತಂದ್ರ ಹತ್ತಕ್ಕ ಬಾಯಿ ಹಾಕಿ ಒಂದನ್ನೂ ತಿನ್ನದ ಹೋಗ್ತಾವ. ನನಗ ತ್ವಾಳಕ್ಕಿಂತ ನಾಯಿ ಅಂಜಿಕಿ ಜಾಸ್ತಿ."

ತೋಳ ಎದಕ್ಕ ಕುರೀನ ಹುಡುಕ್ತಾವ ಅಂತ ಕೇಳಿದ್ದಕ್ಕ ಅಜ್ಜ ಚಾ ಬಟ್ಟಲಾ ಕೆಳಗ ಇಟ್ಟು ಸುತ್ತಲೂ ಕೈ ತೋರಿಸಿದ. ನೋಡಿದ್ರ ಕಬ್ಬು, ಕಬ್ಬಿನ ಆಚಿ ಕೆನಾಲು, ಅದರ ಆಚಿ ಮತ್ತ ಕಬ್ಬು. "ನಾ ಸಣ್ಣವ ಇದ್ದಾಗ ಇಲ್ಲೆಲ್ಲಾ ಬೀಳು, ಚಿಗರಿ ಹಿಂಡ ಹಿಂಡ ಇರ್ತಿದ್ವು, ಮೊಲಾ ಇರ್ತಿದ್ವು. ಚಳಿಗಾಲದಾಗ ತ್ವಾಳ ಬಾರಿಹಣ್ಣು ಸೈತ ತಿಂತಿದ್ವು, ನಾನ ನೋಡೀನಿ." ಈ ಬಾರಿಹಣ್ಣಿನ ಮಾತು ನನಗ ಮೊದಲು ನಂಬಿಕಿ ಬರಲಿಲ್ಲ, ಗೆಳೆಯ ಹೌದು ಅಂದ, ನಮ್ಮ ದೇಶದ ತೋಳದ ಲದ್ದಿಯಾಗ ಬಾರಿಬೀಜ ಸಿಕ್ಕದ್ದು ದಾಖಲೆ ಐತಿ.

ಅಜ್ಜ ತೋರಿಸಿದ ಬಂಡಿ ದಾರಿ ಹಿಡದು ಹೋದ್ವಿ. ಎರಡು ದಾರಿ ಕೂಡೋ ಕಡೆ, ಒಂದು ಒಣ ಹುಲ್ಲಿನ ಗಡ್ಡಿ ಮ್ಯಾಲ, ಹಳೇ ಲದ್ದಿ ಬಿದ್ದಿತ್ತು. ತೋಳ ಇಂಥಾ ಕೂಡು ದಾರಿಯಾಗನ ಬೇಕಂತ ಹಾಕ್ತಾವ, ಇದು ನಮ್ಮ ಜಾಗಾ ಅಂತ ಬ್ಯಾರೆ ತೋಳಕ್ಕ ತಿಳೀಲಿ ಅಂತ. ಸುಣ್ಣದ ಬಣ್ಣಕ್ಕ ಬಂದಿತ್ತು, ಎಲುಬು ತಿಂದಾಗ ಒಣಗಿದ ಮ್ಯಾಲ ಹಂಗ ಬೆಳ್ಳಗ ಆಗ್ತೈತಿ. ಗೆಳೆಯ ಕೈಗೆ ಗ್ಲೌಸು, ಮಾರಿಗೆ ಮಾಸ್ಕ್ ಹಾಕ್ಕೊಂಡು ಚಿಮಟದಿಂದ ಬಿಡಿಸಿದ. ಇದನ್ನ ಬರೇ ಕೈಲೆ ಯಾರೂ ಮುಟ್ಟಬ್ಯಾಡ್ರಿ, ಅದ್ರಾಗ ಲಾಡಿಹುಳದ ತತ್ತಿ ಇರ್ತಾವ, ಮನುಷ್ಯಾರ ಲಿವರಿನಾಗ ಗಡ್ಡಿ ಮಾಡ್ತಾವ. ಒಳಗ ಏನಿತ್ತಂದ್ರ ಹುರಿ ಹಂಗ ಹೊಸಕೊಂಡ ಕರೀ ಕುರಿ ಉಣ್ಣೆ, ಉಗುರಿನಷ್ಟು ಒಂದು ಗೊರಸಿನ ಚೂರು, ಸಣ್ಣ ಸಣ್ಣ ಎಲುಬಿನ ಹಳಕು. ಉಣ್ಣೆ ಕೆಳಗ ಬ್ಯಾರೆ ಥರಾ ನಾಕೈದು ಬಿರಸು ಕೂದಲಾ ಇದ್ವು, ಕಂದು ಬಣ್ಣದ್ದು. ಅವನ್ನ ಪೊಟ್ಟಣ ಕಟ್ಟಿ ಇಟ್ಕೊಂಡ. ಕೂದಲದ ಮ್ಯಾಲಿನ ಪರಿ ಮತ್ತ ಒಳಗಿನ ತಿರುಳು ಒಂದೊಂದು ಪ್ರಾಣಿಗೆ ಒಂದೊಂದು ಥರಾ ಇರ್ತೈತಿ, ಕಾಲೇಜಿನ ಮೈಕ್ರೋಸ್ಕೋಪಿನಾಗ ಸ್ಲೈಡ್ ಮಾಡಿ ನೋಡಿದ್ರ ಕುರಿ ಯಾವುದು, ಮೊಲ ಯಾವುದು, ಚಿಗರಿ ಯಾವುದು ಗೊತ್ತಾಗ್ತೈತಿ. ಪ್ಲೆಸೆಂಟ್ ಐಲ್ಯಾಂಡಿನಾಗ ಇದ ಕೆಲಸಾ ಲದ್ದಿಯೊಳಗಿನ ಡಿಎನ್‌ಎ ತಗದು ಮಾಡ್ಯಾರ.

ನೋಡ್ರಿ, ತೋಳ ಕೆಟ್ಟದ್ದು, ಕುರಿಗಳ್ಳ ಅಂತ ಬೈಯೋದು ಸಸಾರ. ಗುಜರಾತಿನ ವೇಳಾವದರದಾಗ ಕೃಷ್ಣಮೃಗ ಸಾಕಷ್ಟು ಅದಾವ, ಅಲ್ಲಿಯ ತೋಳ ಹೆಚ್ಚಾಗಿ ಅದನ್ನ ತಿಂತಾವ. ಇಲ್ಲೇ ಪಕ್ಕದ ಸೊಲ್ಲಾಪುರದ ನಾನ್ನಜ್ ಕಡೆ ಕುರಿ, ಆಡು ಮುಖ್ಯ ಊಟ. ತೋಳ ಅದ ತೋಳ, ತಾಟಿನಾಗ ಏನ್ ಉಳಿಸೀವಿ ಅನ್ನೋದ ಬ್ಯಾರೆ. ಮರಿ ಹೋದ ಅಜ್ಜಗ ಈ ಮಾತಿನಿಂದ ಹೊಟ್ಟಿ ತುಂಬಂಗಿಲ್ಲ ಅನ್ನೋದೂ ಖರೆ, ಒಂದು ಮರಿ ಅಂದ್ರ ಸಾವಿರಗಟ್ಟಲೆ ರೊಕ್ಕ, ಪರಿಹಾರ ಕೇಳಾಕ ಹೋದ್ರ ಫೋಟೋ ತಾ, ಹೆಣ ತೋರಿಸು ಅಂತಾರಂತ, ತೋಳ ಹೆಣಾ ಬಿಟ್ಟು ಹೋಗಿರಂಗಿಲ್ಲ, ಅಲ್ಲಿಗೆ ಮುಗೀತು. ಅಜ್ಜನ ಕೈಯಾಗ ಅಮಾಸಿ ಮರಿ ರೊಕ್ಕ ತಕ್ಷಣ ಬಿದ್ರ ಅಷ್ಟ ನಾವು ಅವಗ ತೋಳ ಉಳಸಪ್ಪಾ ಅಂತ ಹೇಳಬಹುದು.

ರವಿವಾರ, ಯಡಹಳ್ಳಿ

ಯಡಹಳ್ಳಿ ಚಿಂಕಾರ ಧಾಮ (ಚಿಂಕಾರ ಅಂದ್ರ ಸಣ್ಣ ಚಿಗರಿ ಜಾತಿ) 2016ರಾಗ ಆಗಿದ್ದು, ಬೀಳಗಿ ಮುಧೋಳ ನಡುವಿನ ಕುರುಚಲ ಗುಡ್ಡ, ಸುಮಾರು 96 ಚದರ ಕಿಲೋಮೀಟರ್. ಪರ್ಮಿಶನ್ ತಗೊಂಡು ಗಾರ್ಡ್ ಅಣ್ಣನ ಜೋಡಿ ಮುಂಜಾನೆ ಹೊಂಟ್ವಿ. ಕೆಂಪು ಕಲ್ಲು, ಜಾಲಿ, ಒಣಗಿದ ಹುಲ್ಲು, ಅಷ್ಟೊತ್ತಿಗೇ ನೆಲ ಕಾಯಾಕ ಹತ್ತಿತ್ತು.

ಚಿಂಕಾರ ಕಂಡ್ವು. ಒಂದು ಗಂಡು, ಹಿಂದ ಎರಡು ಹೆಣ್ಣು, ಗುಡ್ಡದ ಓರಿ ಮ್ಯಾಲ ನಿಂತು ನಮ್ಮನ್ನ ನೋಡಿ ಬಾಲ ಪಟಪಟ ಅಲ್ಲಾಡಿಸಿ ಹಾರಿ ಹೋದ್ವು, ಅಷ್ಟ. ಇವು ನೀರು ಕುಡೀದನೂ ಭಾಳ ದಿನ ತಡೀತಾವ, ಎಲಿಯೊಳಗಿನ ತೇವದ ಮ್ಯಾಲ ಬದುಕ್ತಾವ, ಈ ಬಿಸಲಿಗೆ ಹೇಳಿ ಮಾಡಿಸಿದ ಪ್ರಾಣಿ. ಗಾರ್ಡ್ ಅಣ್ಣ ಇಲ್ಲಿ ತೋಳ, ಕತ್ತೆಕಿರುಬ, ನರಿ ಎಲ್ಲಾ ಅದಾವರಿ ಅಂದ.

ಗುಡ್ಡದ ನೆತ್ತಿ ಮ್ಯಾಲ ನಿಂತು ಸುತ್ತ ನೋಡಿದಾಗ ನನಗ ಅಲಾಸ್ಕಾ ಕಥಿ ಮತ್ತ ನೆನಪಾತು. ಕೆಳಗ ನಾಕೂ ಕಡಿ ಹಸರು, ಎಲ್ಲಾ ಕಬ್ಬು, ಅದರಾಚೆ ಫ್ಯಾಕ್ಟರಿ ಚಿಮಣಿ, ರಸ್ತಾ. ನಡುವ ಈ ಕೆಂಪು ಗುಡ್ಡ. ಸುತ್ತ ನೀರಿಲ್ಲ ಅಷ್ಟ, ಇದೂ ದ್ವೀಪಾನ. ಇಲ್ಲಿಯ ಚಿಂಕಾರ ಬ್ಯಾರೆ ಗುಡ್ಡಕ್ಕ ಹೋಗಬೇಕಂದ್ರ ಕಬ್ಬು ದಾಟಬೇಕು, ದಾಟೂದ್ರಾಗ ನಾಯಿ ಕೈಗೆ ಸಿಗ್ತಾವ. ದ್ವೀಪದ ಗುಣ ಏನಂದ್ರ ಅಲ್ಲಿ ಎಲ್ಲಾ ಬ್ಯಾಗ್ ಬ್ಯಾಗನ ಕಾಣ್ತೈತಿ. ಅಮೆರಿಕಾದ ಲೇಕ್ ಸುಪೀರಿಯರ್ ಅನ್ನೋ ದೊಡ್ಡ ಸರೋವರದಾಗ ಐಲ್ ರಾಯಲ್ ಅಂತ ದ್ವೀಪ ಐತಿ, 1958ರಿಂದ ಇಲ್ಲಿ ತನಕ ಅಲ್ಲಿಯ ತೋಳ ಮತ್ತ ಮೂಸ್ ಲೆಕ್ಕ ಇಟ್ಟಾರ, ಮೂಸ್ ಅಂದ್ರ ಕುದುರಿಗಿಂತ ಎತ್ತರದ ಕಡವಿ ಜಾತಿ. ತೋಳ ಅಲ್ಲಿಗೆ 1940ರ ದಶಕದ ಕೊನಿಗೆ ಬರ್ಫ ಕಟ್ಟಿದ ಸರೋವರದ ಮ್ಯಾಲ ನಡಕೋತ ಬಂದಿದ್ವು. ತೋಳ ಕಮ್ಮಿ ಆದಂಗ ಮೂಸ್ ಹೆಚ್ಚಾದ್ವು, 2016ರ ಸುಮಾರಿಗೆ ಎರಡ ತೋಳ ಉಳದ್ವು, 2019ಕ್ಕ ಮೂಸ್ ಎರಡು ಸಾವಿರ ದಾಟಿದ್ವು, ಚಳಿಗಾಲದಾಗ ಬಾಲ್ಸಮ್ ಫರ್ ಗಿಡದ ಸಸಿ ಒಂದೂ ಮ್ಯಾಲ ಏಳದಂಗ ತಿಂದು ಹಾಕಿದ್ವು. ಕಡೀಕ 2018, 2019ರಾಗ ಹೊರಗಿಂದ 19 ತೋಳ ತಂದು ಬಿಟ್ರು. ತೋಳದ ಬಾಯಿಗೂ ಗಿಡದ ಎತ್ತರಕ್ಕೂ ನಂಟು ಐತಿ ಅನ್ನೋದನ್ನ ಆ ದ್ವೀಪ ತೋರಿಸಿಕೊಟ್ಟೈತಿ.

ಆದ್ರ ನನಗ ಅಲ್ಲಿಯ ಇನ್ನೊಂದು ಸಂಗತಿ ಮುಖ್ಯ ಅನಸ್ತೈತಿ. 1980ರಾಗ ಐಲ್ ರಾಯಲದಾಗ 50 ತೋಳ ಇದ್ವು, ಎರಡ ವರ್ಷದಾಗ 14ಕ್ಕ ಇಳದ್ವು. ಕಾರಣ ಪಾರ್ವೋ ಅನ್ನೋ ನಾಯಿ ರೋಗ, ನಾಯಿ ತರಬಾರದು ಅಂತ ನಿಯಮ ಇದ್ದ ಜಾಗಾಕ್ಕ ಯಾರೋ ಒಬ್ರು ತಂದ ನಾಯಿಯಿಂದ ಹತ್ತೈತಿ ಅಂತ ತಿಳಕೊಂಡಾರ. ಒಂದು ನಾಯಿ. ನಮ್ಮ ಗುಡ್ಡದ ಅಂಚಿನಾಗ, ಕೋಳಿ ವೇಸ್ಟ್ ಒಗಿಯೋ ತಿಪ್ಪಿ ಹತ್ರ, ಎಷ್ಟು ನಾಯಿ ನೋಡಿದ್ವಿ ಅಂದ್ರ ಎಣಿಸಾಕ ಆಗಲಿಲ್ಲ. ರೇಬೀಸ್, ಡಿಸ್ಟೆಂಪರ್, ಪಾರ್ವೋ ಎಲ್ಲಾ ಅವುಗಳ ಮೈಯಾಗ ಓಡಾಡ್ತಾವ, ರಾತ್ರಿ ಅದ ತಿಪ್ಪಿಗೆ ತೋಳಾನೂ ಬರ್ತಾವ. ತೋಳ, ನಾಯಿ ಕೂಡಿ ಮರಿ ಹಾಕೂದೂ ಐತಿ. ನಮ್ಮ ದೇಶದಾಗ ತೋಳ ಹೆಚ್ಚಂದ್ರ ಎರಡ ಮೂರು ಸಾವಿರ ಅದಾವ ಅಂತ ಅಂದಾಜು. ತಿಪ್ಪಿ ನೋಡಿ ನನಗ ಸಿಟ್ಟ ಬಂತು, ಕಾನೂನಿನಾಗ ಹುಲಿಗೆ ಕೊಟ್ಟ ಮೊದಲ್ನೇ ಶೆಡ್ಯೂಲ್ ರಕ್ಷಣಾ ತೋಳಕ್ಕೂ ಐತಿ, ಆದ್ರ ಅದರ ಮನಿ ಬಾಗಲಕ ನಾವು ದಿನಾ ಕೋಳಿ ಪುಕ್ಕ ಒಗೀತೀವಿ.

ಮಧ್ಯಾಹ್ನ ಮಾವನ ಮನಿಗೆ ವಾಪಸ್. ಅತ್ತಿ ಝುಣಕ, ಎಣಗಾಯಿ ಮಾಡಿದ್ಲು, ಉಂಡು ಮಲಗಿದ್ವಿ.

ಸೋಮವಾರ, ಹಿನ್ನೀರಿನ ನಡುಗಡ್ಡಿ

ಹೆರಕಲ್ ಕಡೆ ಘಟಪ್ರಭಾ ಹಿನ್ನೀರಿನಾಗ ತೆಪ್ಪ ಹಾಕೋ ಒಬ್ಬ ಅಂಬಿಗರ ಕಾಕಾ ಮಾವಗ ಪರಿಚಯ. ಮುಂಜಾನೆ ಮಸಕಿನ್ಯಾಗ ನಮ್ಮನ್ನ ಹತ್ತಿಸಿಕೊಂಡ್ರು. ದೂರ ತೆಳು ನೀರಿನಾಗ ರಾಜಹಂಸ ನಿಂತಿದ್ವು, ಗುಲಾಬಿ ಬಣ್ಣದ ಉದ್ದನ್ನ ಸಾಲು. ಈ ಊರ ಮಂದಿಗೆ ಅವು ಪ್ರತಿ ವರ್ಷದ ನೆಂಟರು.

ನಡುಗಡ್ಡಿ ಮುಟ್ಟೂದ್ರಾಗ ತಲಿ ಮ್ಯಾಲ ರಿವರ್ ಟರ್ನ್ ಅನ್ನೋ ಹಕ್ಕಿ ಕಿರಚಾಕ ಹತ್ತಿದ್ವು, ಹಳದಿ ಕೊಕ್ಕು, ಕರೀ ಟೊಪಗಿ, ಒಂದೊಂದು ಬಂದು ತಲಿಗೆ ಕುಕ್ಕೋ ಅಷ್ಟು ಕೆಳಗ ಹಾರತಿದ್ವು. ಕಾಕಾ "ಇಳೀಬ್ಯಾಡ್ರಿ, ಇಲ್ಲಿಂದನ ನೋಡ್ರಿ, ನೀವು ಇಳದ್ರ ತಾಯಿ ಏಳ್ತಾವ, ತತ್ತಿ ಬಿಸಲಿಗೆ ಬೇಯ್ತಾವ" ಅಂದ್ರು. ದುರ್ಬೀನ್ಯಾಗ ನೋಡಿದ್ವಿ. ಗೂಡು ಅಂತ ಏನಿಲ್ಲ, ಬರೇ ಉಸುಕಿನಾಗ ಒಂದು ಕುಳಿ, ಅದ್ರಾಗ ಎರಡ ಮೂರು ತತ್ತಿ, ಉಸುಕಿನ ಬಣ್ಣಾನ, ಮ್ಯಾಲ ಕಂದು ಚುಕ್ಕಿ. ಈ ಹಕ್ಕಿ 2020ರಿಂದ ಜಗತ್ತಿನ ಅಪಾಯದ ಪಟ್ಟಿಯಾಗ ಐತಿ, ಕಾರಣಾನೂ ಇದ, ನೆಲದ ಮ್ಯಾಲ ತತ್ತಿ ಇಡ್ತೈತಿ, ನೀರು ಕಾವಲ ಇರೋ ತನಕ ಅಷ್ಟ ಬದುಕು.

ನಡುಗಡ್ಡಿಯ ಆಚಿ ಬದಿಗೆ ತೆಪ್ಪ ತಿರಗಿಸಿದಾಗ ಕಂಡದ್ದು ಸಂಕಟ ಆತು. ಅಲ್ಲಿ ನೀರು ಮೊಣಕಾಲಕ್ಕಿಂತ ಕೆಳಗ ಇಳದಿತ್ತು, ದಂಡಿಯಿಂದ ಒಂದು ಕೆಸರಿನ ಪಟ್ಟಿ ನಡುಗಡ್ಡಿ ಮಟ ಬಂದಿತ್ತು. ಆ ಕೆಸರಿನಾಗ ಹೆಜ್ಜಿ ಸಾಲು. ನರಿ ಇರಬೇಕಂತ ನಾನಂದೆ. ಗೆಳೆಯ ತೆಪ್ಪದಿಂದ ಬಗ್ಗಿ ನೋಡಿದ, ಹೆಜ್ಜಿ ಅಗಲ, ಬಟ್ಟ ಹರವಿದ್ವು, ಒಂದರ ಹಿಂದ ಒಂದು ನೆಟ್ಟಗ ಹೋಗದ ಅಡ್ಡಾದಿಡ್ಡಿ ತಿರಗಿದ್ವು, ದೊಡ್ಡದು ಸಣ್ಣದು ಎಲ್ಲಾ ಕೂಡಿದ್ವು. "ನಾಯಿ ಹಿಂಡು" ಅಂದ. ಹೆಜ್ಜಿ ಮುಗಿಯೋ ಕಡೆ ಉಸುಕಿನ ಕುಳಿ ಖಾಲಿ ಇದ್ವು, ತತ್ತಿ ಸಿಪ್ಪಿ ಚೂರು ಬಿದ್ದಿದ್ವು, ಆ ಭಾಗದಾಗ ಒಂದ ಹಕ್ಕೀನೂ ಕುಂತಿರಲಿಲ್ಲ.

ಪ್ಲೆಸೆಂಟ್ ಐಲ್ಯಾಂಡಿಗೆ ತೋಳ ತಾನ ಈಜಿ ಹೋಗಿದ್ದು, ಅದು ಕಾಡಿನ ಲೆಕ್ಕ, ಜಿಂಕಿ ಹೋದ್ರೂ ಮುಂದ ಏನೋ ಒಂದು ಹೊಂದ್ಕೋತೈತಿ. ಇಲ್ಲಿ ಬಂದದ್ದು ನಾವು ಸಾಕಿ ಬಿಟ್ಟ ಬೇಟೆಗಾರ. ತಿಪ್ಪಿಯಾಗ ಹೊಟ್ಟಿ ತುಂಬ್ತೈತಿ, ಹಿಂಗಾಗಿ ತತ್ತಿ ಖಾಲಿ ಆದ್ರೂ ನಾಯಿ ಕಮ್ಮಿ ಆಗಂಗಿಲ್ಲ. ಕೊರೊನೇಷನ್ ದ್ವೀಪದಾಗ ಜಿಂಕಿ ಮುಗದ ಮ್ಯಾಲ ತೋಳಾನೂ ಮುಗದಿದ್ವು, ಇಲ್ಲಿ ಹಕ್ಕಿ ಅಷ್ಟ ಮುಗೀತಾವ. ಮುಂದ ಆಲಮಟ್ಟಿ ಮಟ್ಟಾ 524.256 ಮೀಟರಿಗೆ ಏರಿಸಾಕ 2010ರಾಗ ಕೃಷ್ಣಾ ನ್ಯಾಯಮಂಡಳಿ ಒಪ್ಪಿಗಿ ಕೊಟ್ಟೈತಿ, ಆಗ ಇವತ್ತಿನ ದಂಡಿ ಎಲ್ಲಾ ನೀರಾಗಿ ಹೊಸಾ ದಿಬ್ಬ ನಡುಗಡ್ಡಿ ಆಗ್ತಾವ. ಆ ದಿಬ್ಬ ಯಾವು ಅಂತ ಈಗಿಂದನ ಗುರ್ತು ಮಾಡಿ, ಬ್ಯಾಸಿಗ್ಯಾಗ ನಾಯಿ ದಾಟದಂಗ ನಡುವ ಆಳದ ಕಾಲುವಿ ತೋಡಿ ಇಟ್ರ ಎಷ್ಟೋ ಉಳೀತಾವ. ದೊಡ್ಡ ರೊಕ್ಕದ ಕೆಲಸಾನೂ ಅಲ್ಲ.

ಇದನ್ನ ಕಾಕಾನ ಮುಂದ ಅಂದೆ. ಅವರು ಹುಟ್ಟ ಹಾಕೂದ ನಿಲ್ಲಿಸಿ ಸ್ವಲ್ಪ ಹೊತ್ತು ಆ ಕೆಸರಿನ ಪಟ್ಟಿನ ನೋಡಿದ್ರು.

"ಕಾಲುವಿ ಯಾಕ ತಮ್ಮಾ, ಇದು ಎರಡ ಜೆಸಿಬಿ ಅಗಲಾನೂ ಇಲ್ಲ, ನಾವು ನಾಕ ಮಂದಿ ಸಲಿಕಿ ತಗೊಂಡು ಬಂದ್ರ ಒಂದ ದಿನದಾಗ ಕಡೀತೀವಿ. ಆದ್ರ ನಮ್ಮ ಓಣಿ ನಾಯಿನೂ ಇದ್ರಾಗ ಅದಾವ, ನಮ್ಮ ಮೀನ ಬಲಿ ಒಣಗಸೋ ಕಡೆ ಬಿದ್ದಿರ್ತಾವ, ಮೊದಲು ಅವನ್ನ ಕಟ್ಟಬೇಕು."

ಇನ್ನೂ ಎಷ್ಟು ದಿನ ಕಟ್ಟಬೇಕು ಅಂತ ಕೇಳಿದ್ರು. ತತ್ತಿ ಒಡ್ಯಾಕ ಸುಮಾರು ಮೂರು ವಾರ, ಮರಿ ಹಾರಾಕ ಮತ್ತ ಒಂದು ತಿಂಗಳ ಹತ್ರ, ಅಂದ್ರ ಜೂನ್ ಮೊದಲ ವಾರದ ಮಟ ಅಂತ ಗೆಳೆಯ ಲೆಕ್ಕ ಹಾಕಿ ಹೇಳಿದ. ಮ್ಯಾಲಿನ ಮಳಿ ನೀರು ಬರೂದು ಅದರ ಆಮ್ಯಾಲ. ಕಾಕಾ ದಂಡಿಗೆ ಬಂದ ತಕ್ಷಣ ತಮ್ಮ ಅಣ್ಣತಮ್ಮಂದ್ರನ್ನ ಕರದು ಮಾತಾಡಿದ್ರು, ಒಬ್ಬರು ಒಪ್ಪಲಿಲ್ಲ, ರಾತ್ರಿ ಬಲಿ ಕಾಯಾಕ ನಾಯಿ ಬೇಕು ಅಂದ್ರು. ಕಡೀಕ ಹಗಲೊತ್ತು ಕಟ್ಟೂದು, ರಾತ್ರಿ ಬಲಿ ಹತ್ರ ಉದ್ದ ಹಗ್ಗ ಹಾಕೂದು ಅಂತ ಆತು, ಮಣ್ಣು ಕಡಿಯೂದು ಬುಧವಾರ. ಮಾವ ಎರಡು ಸಲಿಕಿ ಕಳಸ್ತೀನಿ ಅಂದ. ನಾವು ಬಾಗಲಕೋಟಿಗೆ ಹೋಗಿ ಅರಣ್ಯ ಇಲಾಖೆ ಆಫೀಸಿನಾಗ ಹೆಜ್ಜಿ ಫೋಟೋ, ಜಾಗಾದ ಮ್ಯಾಪ್ ಜೋಡಿ ಒಂದು ಅರ್ಜಿ ಕೊಟ್ಟು, ಅವರ ಮಂದೀನೂ ಬುಧವಾರ ಬರ್ಲಿ ಅಂತ ಕೇಳಿಕೊಂಡು, ವಿಜಯಪುರದ ದಾರಿ ಹಿಡದ್ವಿ.